ಮಟ್ಟೆ ನೀರು

ಬಿಡಾರ ಹೂಡಿದ ಎರಡನೆಯ ದಿನಕ್ಕೆಲ್ಲ ಹೊಳೆಯ ಆ ಮರಳಿನ ಮೇಲೆ ಅಸಹ್ಯಪಡದೆ ಕಾಲಿಡುವಂಥ ಅಂಗೈಯಗಲದ ಜಾಗವೂ ಓಬಮ್ಮನಿಗೆ ಉಳಿದಿರಲಿಲ್ಲ. ಎಪ್ಪತ್ತು ಜನ ಉಂಡು ಎಸೆದ ಮುತ್ತುಗದ ಎಲೆಗಳು, ಆ ಎಲೆಗಳ ಮೇಲೆ ಕಪ್ಪಗೆ ಕೂತ ನೊಣ, ಗಂಡಸರು ಕೂತ ಕಡೆಯೇ ಉಗಿದ ಎಲೆಯಡಿಕೆಯ ಕೆಂಪು, ಬೆಳಿಗ್ಗೆ ಕಡಿದ ಮೂರು ಕುರಿಗಳ ಕರುಳಿನಿಂದ ಹಿಂಡಿ ಚೆಲ್ಲಿದ ಹಸಿರು ಗಲೀಜು. ಇದು ಸಾಲದೆಂಬಂತೆ ಗಂಡಸರೆಲ್ಲ ಚೊಂಬು ಹಿಡಿದು ಹೋಗುತ್ತಿದ್ದುದು ನೀರಿನ ಮೇಲುಗಡೆಗೇ. ಕೆಳಗಡೆ ಹೋಗಿ ಎಂದು ಅವರಿಗೆ ಹೇಳುವವರು ಯಾರು? ಹೆಂಗಸರು ಅದೇ ನೀರನ್ನು ಮೊಗೆದು ತಂದು ಅನ್ನಕ್ಕೆ ಎಸರಿಟ್ಟರು.

ಅದು ಎಪ್ಪತ್ತೆಂಟನೆಯ ಇಸವಿಯ ಬೇಸಿಗೆ. ಕೃತ್ತಿಕೆ ಮಳೆಯ ದಿನಗಳು. ತುರುವೇಕೆರೆ ಕಡೆಯ ಆ ಹಳ್ಳಿಯಲ್ಲಿ ಒಂದೇ ಬೇರಿನ ಹದಿನಾಲ್ಕು ಮನೆಗಳಿದ್ದವು. ಮೂರು ವರ್ಷಕ್ಕೊಂದು ಸಲ ಅವರೆಲ್ಲ ಸೇರಿ ಮನೆದೇವರು ಬೇವಿನಾರಮ್ಮನನ್ನು ಬೆತ್ತದ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಶಿಂಷಾ ಹೊಳೆಗೆ ಬರಬೇಕು. ಹೊಳೆಯ ನಡುವೆ ಎರಡು ಕರಿಬಂಡೆಗಳಿವೆ. ಆ ಬಂಡೆಗಳ ಮಧ್ಯದ ಮರಳಿನಲ್ಲಿ, ಹಸಿ ಸೋಗೆಯ ಗುಡಿಸಲಲ್ಲಿ ಅಮ್ಮನನ್ನು ಕೂರಿಸಬೇಕು. ಅಮ್ಮ ಕೂತ ಮೇಲೆ ಮೂರು ದಿನ ಎಲ್ಲರೂ ಮರಳಿನ ಮೇಲೆಯೇ ಉಣ್ಣಬೇಕು, ಮರಳಿನ ಮೇಲೆಯೇ ಮಲಗಬೇಕು. ಕಡೆಯ ದಿನದ ಎಡೆ ಆಗುವ ತನಕ ಅಮ್ಮನನ್ನು ಕದಲಿಸುವಂತಿಲ್ಲ. ಒಂದು ಕಾರಣಕ್ಕೆ ಮಾತ್ರ ಕದಲಿಸಬಹುದು, ಮೈಲಿಗೆಯಾದರೆ. ಮೈಲಿಗೆಯಾದ ನೆಲದ ಮೇಲೆ ಅಮ್ಮ ಒಂದು ಗಳಿಗೆಯೂ ಕೂರುವುದಿಲ್ಲ. ಹದಿನೈದು ವರ್ಷದ ಕೆಳಗೆ ಊರಿನಿಂದ ಯಾರೋ ಸಾವಿನ ಸುದ್ದಿ ತಂದು ಬಿಡಾರದೊಳಗೇ ಬಂದು ನಿಂತುಬಿಟ್ಟಿದ್ದ. ಒಂದು ಎಲೆಯಡಿಕೆ ಅಗಿದು ಉಗಿಯುವಷ್ಟು ಹೊತ್ತಿನಲ್ಲಿ ಇಡೀ ಬಿಡಾರ ದಡದ ಮೇಲಿನ ತೆಂಗಿನ ತೋಟಕ್ಕೆ ಹತ್ತಿ ಹೋಗಿದ್ದನ್ನು ಓಬಮ್ಮ ಕಣ್ಣಾರೆ ಕಂಡಿದ್ದಳು.

ಈ ಸಲ ಬಂದ ದಿನವೇ ಅವಳು ಮನೆತನದ ಹಿರಿಯ, ತನ್ನ ಗಂಡನ ಅಣ್ಣ ಹುಚ್ಚರಂಗಯ್ಯನ ಮುಂದೆ ಒಂದು ಮಾತು ಆಡಿ ನೋಡಿದ್ದಳು.

"ಭಾವ, ಅಮ್ಮ ಇಲ್ಲೇ ಇರ್ಲಿ. ಜನ ಮಾತ್ರ ರಾತ್ರಿ ಮೇಲೆ ತೋಟದಲ್ಲಿ ಮಲಗ್ಬೌದಲ್ವಾ? ಮಕ್ಳುಮರಿ ಅವೆ. ಮಳೆ ದಿನ."

ಹುಚ್ಚರಂಗಯ್ಯ ಬೀಡಿ ಬಾಯಿಂದ ತೆಗೆದು ಹೊಳೆಯ ಕಡೆ ಕೈ ಮಾಡಿದ. ನಾನೂರು ಅಡಿ ಅಗಲದ ಮರಳಿನಲ್ಲಿ ಮೊಣಕಾಲೂ ಮುಳುಗದ ಒಂದು ಕಾಲುವೆಯಷ್ಟು ನೀರು ಹರಿಯುತ್ತಿತ್ತು.

"ಹೊಳೆ ಎಲ್ಲದೆ ತೋರ್ಸು. ಎಮ್ಮೆ ಉಚ್ಚೆ ಹೊಯ್ದಂಗೆ ಹರೀತಾ ಅದೆ. ಅಮ್ಮನ್ನ ಒಬ್ಳನ್ನೇ ಇಲ್ಲಿ ಬುಟ್ಟು ನಾವು ಮೇಲೋಗಿ ಗೊರ್ಕೆ ಹೊಡೀಬೇಕಾ?"

"ಮಟ್ಟೆ ಬಡಿಯೋರ ಮನೇವ್ಳಲ್ವಾ, ಹೊಳೆ ವಿಚಾರ ನಮಗಿಂತ ಚೆನ್ನಾಗ್ ಗೊತ್ತು ಅವ್ಳಿಗೆ" ಎಂದಳು ಅವನ ಹೆಂಡತಿ ಭೂತಮ್ಮ. ಸುತ್ತ ಕೂತವರು ನಕ್ಕರು. ಓಬಮ್ಮನ ಗಂಡ ಶ್ರೀರಂಗಯ್ಯನೂ ನಕ್ಕ.

ಆ ಮಾತು ಮೂವತ್ತು ವರ್ಷದ ಹಳೆಯದು. ಓಬಮ್ಮನ ತವರು ಕೋಡಿಪಾಳ್ಯ ಇದೇ ಹೊಳೆಯ ಮೇಲುಗಡೆ ಎರಡು ಮೂರು ಮೈಲಿ ದೂರದಲ್ಲಿತ್ತು. ಅಲ್ಲಿನ ಬಡವರು ಹೊಳೆಯ ಅಂಚಿನ ಮರಳಲ್ಲಿ ಗುಂಡಿ ತೋಡಿ, ತೆಂಗಿನಕಾಯಿಯಿಂದ ಸುಲಿದ ಮಟ್ಟೆಯನ್ನು ಆರೇಳು ತಿಂಗಳು ನೀರಲ್ಲಿ ಕೊಳೆಹಾಕಿ, ಆಮೇಲೆ ತೆಗೆದು ಮರದ ಕೊಡತಿಯಿಂದ ಬಡಿದು ನಾರು ಮಾಡುವವರು. ಕೊಳೆತ ಮಟ್ಟೆಯ ವಾಸನೆ ಎಂಥದೆಂದು ಅದರ ಪಕ್ಕ ಕೂತವರಿಗೇ ಗೊತ್ತು. ಕೆಟ್ಟ ಮೊಟ್ಟೆ, ಕಟ್ಟಿಕೊಂಡ ಚರಂಡಿ, ಎಂದೋ ಸತ್ತ ಇಲಿ ಎಲ್ಲ ಅದರಲ್ಲಿರುತ್ತದೆ. ಮದುವೆಯಾಗಿ ಬಂದ ಮೊದಲ ದಿನ ಭೂತಮ್ಮ ಅವಳ ಕೈ ಹಿಡಿದು ಮೂಸಿ ನೋಡಿ ಮುಖ ತಿರುಗಿಸಿದ್ದಳು. ಸೀಗೆ, ಸುಣ್ಣ, ಹುಣಿಸೆಹಣ್ಣು ಹಾಕಿ ಉಜ್ಜಿದರೂ ಒಂದು ವರ್ಷ ಆ ವಾಸನೆ ಉಗುರಿನ ಸಂದಿಯಿಂದ ಹೋಗಲಿಲ್ಲ. ಅಥವಾ ಹೋಗಿತ್ತೋ ಏನೋ. ಮನೆಯವರ ಮೂಗಿನಿಂದ ಮಾತ್ರ ಹೋಗಲಿಲ್ಲ.

ಈಗ ಓಬಮ್ಮನಿಗೆ ನಲವತ್ತೊಂಬತ್ತು. ಸೊಸೆ ಬಂದಿದ್ದಾಳೆ, ಎಂಟು ತಿಂಗಳ ಮೊಮ್ಮಗಳಿದ್ದಾಳೆ. ಮಗ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದವನು ಕಡೆಯ ದಿನದ ಎಡೆಗೆ ಬರುತ್ತೇನೆಂದು ಹೇಳಿದ್ದ. ಸೊಸೆ ವಿಮಲ ಬಂದ ದಿನ ಸಂಜೆಯೇ ಹೊರಗಾದಳು. ಮೂರು ದಿನ ಮುಂಚಿತವಾಗಿಯೇ ಆಯಿತು, ಪಾಪ. ಎತ್ತಿನ ಗಾಡಿಯ ಕುಲುಕಾಟಕ್ಕೋ ಏನೋ. ಬಿಡಾರದಿಂದ ಕೆಳಕ್ಕೆ ನೂರು ಹೆಜ್ಜೆ ದೂರದಲ್ಲಿ, ನೀರಿನ ಆಚೆಯ ತಗ್ಗು ಮರಳಲ್ಲಿ ನಾಲ್ಕು ಸೋಗೆ ನೆಟ್ಟು ಅವಳನ್ನು ಮಗುವಿನೊಂದಿಗೆ ಕೂರಿಸಿದರು. ನೀರು ಮೊದಲು ಅಮ್ಮನನ್ನು ಮುಟ್ಟಿ ಆಮೇಲೆ ಅವಳ ಕಡೆ ಹೋಗಬೇಕು, ಅವಳ ಕಡೆಯಿಂದ ಅಮ್ಮನ ಕಡೆ ಬರಬಾರದು ಎಂಬುದು ಲೆಕ್ಕ. ಆದ್ದರಿಂದ ಇಡೀ ಹೊಳೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗವೇ ಅವಳ ಪಾಲಿಗೆ ಬಂತು. ಮರಳು ಅಲ್ಲಿ ಒದ್ದೆ. ಬಿಡಾರದ ಎಂಜಲೆಲೆಗಳು ತೇಲಿಹೋಗಿ ನಿಲ್ಲುತ್ತಿದ್ದುದೂ ಅಲ್ಲೇ. ಓಬಮ್ಮ ಊಟ ತೆಗೆದುಕೊಂಡು ಹೋಗಿ ದೂರದಿಂದಲೇ ಇಟ್ಟಾಗ ವಿಮಲ ಸೆರಗಿನಿಂದ ಮಗುವಿನ ಮುಖದ ನೊಣ ಓಡಿಸುತ್ತಿದ್ದಳು.

"ಅತ್ತೆಮ್ಮ, ಇಲ್ಲಿ ಕುರಿ ಕರುಳು ಬಂದ್ ಸಿಕ್ಕಾಕ್ಕೊಂಡದೆ. ವಾಸ್ನೆಗೆ ಅನ್ನ ಗಂಟಲಲ್ಲಿ ಇಳೀತಿಲ್ಲ."

"ಕೋಲಲ್ಲಿ ತಳ್ಳೇ ಮಗ, ಹೋಯ್ತದೆ."

"ತಳ್ದೆ. ಇನ್ನೊಂದು ಬಂತು."

ಓಬಮ್ಮನಿಗೆ ನಗು ಬಂತು. ಅವಳು ಅದೇ ಕರುಳನ್ನು ಬೆಳಿಗ್ಗೆ ತೊಳೆದಿದ್ದಳು.

ಹೊರಗೆ ಕೂರುವುದು ಅವಳಿಗೆ ಹೊಸದಲ್ಲ. ಆದರೆ ಅವಳ ಹತ್ತಿರ ಒಂದು ಗುಟ್ಟಿತ್ತು. ಅವಳಿಗೆ ಮುಟ್ಟು ನಿಂತು ವರ್ಷದ ಮೇಲಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ತಿಂಗಳಿಗೆ ಮೂರು ದಿನ ಚಾಪೆ, ತಟ್ಟೆ, ಚೊಂಬು ತೆಗೆದುಕೊಂಡು ಕೊಟ್ಟಿಗೆಯ ಪಕ್ಕದ ಜಗುಲಿಗೆ ಹೋಗಿ ಕೂರುವುದನ್ನು ಅವಳು ಬಿಟ್ಟಿರಲಿಲ್ಲ. ಮದುವೆಯಾದಾಗಿನಿಂದ ಅವಳ ಬೆನ್ನು ನೆಲ ಕಂಡದ್ದು, ಬೇರೆಯವರು ಬಡಿಸಿದ್ದನ್ನು ಅವಳು ಉಂಡದ್ದು ಆ ಮೂರು ದಿನಗಳಲ್ಲೇ. ಆ ಜಗುಲಿಯಿಂದ ನೋಡಿದರೆ ತೋಟದ ಬೇಲಿ, ಬೇಲಿಯಾಚೆ ಯಾರೋ ದನ ಹೊಡೆದುಕೊಂಡು ಹೋಗುವುದು ಕಾಣುತ್ತಿತ್ತು. ಯಾರೂ ಕರೆಯುತ್ತಿರಲಿಲ್ಲ. ಹತ್ತಿರ ಬಂದರೆ ಮೈಲಿಗೆ. ಅವರ ಅಸಹ್ಯವೇ ಅವಳ ಸುತ್ತ ಬೇಲಿಯಾಗಿ ನಿಲ್ಲುತ್ತಿತ್ತು. ಅಂಥ ಬೇಲಿಯನ್ನು ಕೈಯಾರೆ ಯಾರು ಕೀಳುತ್ತಾರೆ?

ಎರಡನೆಯ ದಿನದ ಮಧ್ಯಾಹ್ನ. ಬಿಸಿಲು ಮರಳನ್ನು ಹುರಿಯುತ್ತಿತ್ತು. ಮೂರು ಡಬರಿಗಳಲ್ಲಿ ಸಾರು ಕುದಿಯುತ್ತಿತ್ತು. ಪಡುವಣಕ್ಕೂ ಮೂಡಣಕ್ಕೂ ಬಾನು ಬರಿದಾಗಿತ್ತು. ಮೇಲುಗಡೆ, ಬಡಗಣ ದಿಕ್ಕಿನಲ್ಲಿ ಮಾತ್ರ ದೂರದಲ್ಲಿ ಒಂದು ನೀಲಿಗಪ್ಪು ಪಟ್ಟಿ, ಹಂಚಿನ ಮೇಲೆ ಹೊಗೆ ಹಿಡಿದಂತೆ ಕಾಣುತ್ತಿತ್ತು. ಓಬಮ್ಮ ಮಸಾಲೆ ರುಬ್ಬಿದ ಕೈ ತೊಳೆಯಲು ನೀರಿಗೆ ಬಗ್ಗಿದಳು.

ಮೊದಲು ಬಂದದ್ದು ವಾಸನೆ.

ಕರುಳಿನ ವಾಸನೆಯಲ್ಲ, ಎಂಜಲಿನದೂ ಅಲ್ಲ. ಅವಳು ಎರಡೂ ಕೈಗಳನ್ನು ಮೂಗಿನ ಹತ್ತಿರ ತಂದಳು. ಮೂವತ್ತು ವರ್ಷದ ಹಿಂದಿನ ಕೈಗಳು. ಇವು ಮತ್ತೆ ಹೇಗೆ ನಾರಿದವು ಎಂದು ಒಂದು ಕ್ಷಣ ನಾಚಿಕೆಯೇ ಆಯಿತು. ಆಮೇಲೆ ನೀರನ್ನು ನೋಡಿದಳು. ಬೆಳಿಗ್ಗೆ ತಿಳಿಯಾಗಿದ್ದ ನೀರು ಟೀ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಕಂದು ನೊರೆ. ಬೆಳಿಗ್ಗೆ ತಾನು ಕಾಲಿಟ್ಟು ನಿಂತ ಕಲ್ಲು ಕಾಣಲಿಲ್ಲ. ನೋಡನೋಡುತ್ತಿದ್ದಂತೆ ಒಂದು ಕಪ್ಪು ಮಟ್ಟೆ ತಿರುಗುತ್ತ ಬಂದು ಅವಳ ಮೊಣಕಾಲಿಗೆ ತಾಗಿ ಮುಂದೆ ಹೋಯಿತು. ಅದರ ಹಿಂದೆ ಇನ್ನೆರಡು.

ಗುಂಡಿಯಲ್ಲಿ ಕೊಳೆಹಾಕಿದ ಮಟ್ಟೆಯ ಮೇಲೆ ಸೋಗೆ ಹಾಸಿ, ಸೋಗೆಯ ಮೇಲೆ ಇಬ್ಬರು ಎತ್ತುವ ಕಲ್ಲು ಹೇರಿರುತ್ತಾರೆ. ಆ ಮಟ್ಟೆ ತಾನಾಗಿ ತೇಲಿ ಬರುವುದಿಲ್ಲ. ಕಲ್ಲು ಉರುಳಿದರೆ ಬರುತ್ತದೆ. ಕಲ್ಲು ಉರುಳಿಸುವಂಥದು ಒಂದೇ. ಅವಳು ಸಣ್ಣವಳಿದ್ದಾಗ, ಬಿಸಿಲಲ್ಲಿ ಹೊಳೆಯ ಕೆಳಗಡೆ ಬಟ್ಟೆ ಒಗೆಯುವಾಗ ಈ ವಾಸನೆ ಬಂದರೆ ಅವಳವ್ವ ಬಟ್ಟೆಯನ್ನೂ ಹಿಂಡದೆ ಕೂಗುತ್ತಿದ್ದಳು. "ಗುಂಡಿ ಎದ್ದದೆ, ಹತ್ತ್ರೇ ಮೇಲಕ್ಕೆ!" ಆಮೇಲೆ ಒಂದು ಗಂಟೆ, ಒಂದೊಂದು ಸಲ ಅದೂ ಇಲ್ಲ. ಒಮ್ಮೆ ಬೋರಮ್ಮ ಎಂಬವಳು ಹೊಸ ಸೀರೆ ಒಣಗಲು ಹಾಕಿದ್ದೇನೆ ಎಂದು ತಿರುಗಿ ಹೋದಳು. ಆಮೇಲೆ ಸೀರೆ ಮಾತ್ರ ಬೇಲಿಯಲ್ಲಿ ಸಿಕ್ಕಿತು.

ಓಬಮ್ಮ ಓಡಿದಳು. ಶ್ರೀರಂಗಯ್ಯ ಬಂಡೆಯ ನೆರಳಲ್ಲಿ ಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದ. ಬೆಳಗಿನ ಕುರಿಯ ಕಲೇಜ ಹುರಿದದ್ದು ಅವನಿಗೆ ಬೇಗ ಸಿಕ್ಕಿತ್ತು.

"ನೋಡ್ರೀ, ಮೇಲುಗಡೆ ಮಟ್ಟೆ ಗುಂಡಿ ಎದ್ದವೆ. ನೀರು ಬತ್ತದೆ. ಎಲ್ರುನೂ ಹತ್ಸಿ ಮೇಲಕ್ಕೆ."

ಅವನು ಕಡ್ಡಿಯ ತುದಿಗೆ ಬಂದದ್ದನ್ನು ಪರೀಕ್ಷಿಸಿ ನೋಡಿ ಮತ್ತೆ ಬಾಯಿಗೆ ಹಾಕಿಕೊಂಡ. "ಅಣ್ಣಂಗೇಳು ಹೋಗು."

ಈ ಮನುಷ್ಯನ ಜೊತೆ ಮೂವತ್ತು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ್ದೇನೆ ಎಂದು ಓಬಮ್ಮನಿಗೆ ಅನ್ನಿಸಿತು. ಅವಳು ಅಣ್ಣನ ಹತ್ತಿರ ಹೋದಳು.

ಅಷ್ಟರಲ್ಲಿ ವಾಸನೆ ಎಲ್ಲರ ಮೂಗಿಗೂ ಬಡಿದಿತ್ತು. ಇಸ್ಪೀಟು ಹಿಡಿದವರು ಎಲೆ ಕೆಳಗಿಟ್ಟು ಮೂಗು ಮುಚ್ಚಿಕೊಂಡಿದ್ದರು. ಭೂತಮ್ಮ ಸೆರಗು ಬಾಯಿಗೆ ಹಿಡಿದು "ಥೂ, ಥೂ" ಎನ್ನುತ್ತಿದ್ದಳು. ಪೂಜಾರಿ ಸಣ್ಣತಿಮ್ಮಯ್ಯ ಅಮ್ಮನ ಗುಡಿಸಲಿನ ಮುಂದೆ ಎದ್ದು ನಿಂತಿದ್ದ. ಅವನ ಉದ್ದನೆಯ ಉಗುರುಗಳ ತುಂಬ ಅರಿಶಿನ, ಕುಂಕುಮ, ಅದರ ಕೆಳಗೆ ಕುರಿಯ ರಕ್ತ ಒಣಗಿತ್ತು.

"ಭಾವ, ಇದು ಮಟ್ಟೆ ನೀರು. ನಮ್ಮೂರ ಗುಂಡಿ ಒಡ್ದು ಬತ್ತಾ ಅವೆ. ಮೇಲೆ ಮಳೆ ಆಗದೆ. ಹೊಳೆ ಬತ್ತದೆ, ಈಗ್ಲೇ ಹತ್ಬೇಕು."

ಹುಚ್ಚರಂಗಯ್ಯ ಆಕಾಶ ನೋಡಿದ. "ಒಂದ್ ಹನಿ ಇಲ್ಲ. ನಿಮ್ಮೂರೋರು ಗುಂಡಿ ತೊಳೀತಾ ಇರ್ತಾರೆ ಬುಡು. ಗಬ್ಬು ಜನ."

"ತೊಳೆಯೋಕೆ ಇಡೀ ಮಟ್ಟೇನೇ ಬುಡ್ತಾರಾ ಭಾವ? ಅವು ಅವ್ರ ಅನ್ನ. ನೀರು ಏರ್ತಾ ಅದೆ, ಅಲ್ಲಿ ಕಲ್ಲು ಮುಳುಗ್ತು ನೋಡಿ."

"ಎಡೆ ಆಗ್ದೆ ಅಮ್ಮನ್ನ ಎತ್ತೋದಾ? ವಾಸ್ನೆ ಬಂತು ಅಂತ? ನಮ್ಮಪ್ಪ, ನಮ್ಮ ತಾತ ಇದೇ ಮರಳಲ್ಲಿ ಮಲಗೆದ್ದವ್ರೆ."

ಆಗ ಸಣ್ಣತಿಮ್ಮಯ್ಯ ಗಂಟಲು ಸರಿಮಾಡಿಕೊಂಡ. "ಇದು ಮಟ್ಟೆ ಗಿಟ್ಟೆ ಅಲ್ಲ. ನೀರು ಕೆಟ್ಟದೆ. ಅಮ್ಮ ಮುನ್ಸ್ಕೊಂಡವ್ಳೆ. ಹೊರಗಿರೋಳು ಎಲ್ಲೋ ನೀರಿಗೆ ಕಾಲಿಟ್ಟವ್ಳೆ."

ಎಲ್ಲರೂ ಕೆಳಗಡೆ ತಿರುಗಿ ನೋಡಿದರು. ನಾಲ್ಕು ಸೋಗೆಯ ನೆರಳಲ್ಲಿ ವಿಮಲ ಮಗುವನ್ನು ಹೆಗಲಿಗೆ ಹಾಕಿ ತಟ್ಟುತ್ತಿದ್ದಳು.

"ಅವ್ಳು ಕೆಳಗವ್ಳೆ ಪೂಜಾರಪ್ಪ" ಎಂದಳು ಓಬಮ್ಮ. "ನೀರು ಮೇಲಿಂದ ಬತ್ತಾ ಅದೆ."

"ಮೈಲಿಗೆಗೆ ಮೇಲು ಕೆಳಗು ಐತೇನಮ್ಮ?"

"ಹಂಗಾದ್ರೆ ಅವಳನ್ನ ಕೆಳಗ್ಯಾಕ್ ಕೂರ್ಸಿದ್ರಿ?"

ಯಾರೋ ಪಕ್ಕನೆ ನಕ್ಕು ತಡೆದುಕೊಂಡರು. ಸಣ್ಣತಿಮ್ಮಯ್ಯನ ಮುಖ ಕಪ್ಪಿಟ್ಟಿತು. "ಹುಚ್ಚರಂಗಣ್ಣ, ಮನೆ ಹೆಂಗಸ್ರ ಬಾಯಿ ನೋಡ್ಕೊ. ಆ ಹುಡುಗೀನ ಇನ್ನೂ ಕೆಳಕ್ಕೆ ಕಳ್ಸು, ಆ ತಿರುವಿನ ಆಚೆ ಮಡುವಿನ ಹತ್ರಕ್ಕೆ. ಅಮ್ಮನ ಕಣ್ಣಿಗೆ ಬೀಳ್ಬಾರ್ದು."

"ಆಯ್ತು" ಎಂದ ಹುಚ್ಚರಂಗಯ್ಯ. "ಲೇ ಶ್ರೀರಂಗ, ನಿನ್ ಸೊಸೇಗ್ ಕೂಗಿ ಹೇಳ್ಲಾ."

ಶ್ರೀರಂಗಯ್ಯ ಹಲ್ಲುಕಡ್ಡಿ ಎಸೆದು ಎದ್ದ. ಅಣ್ಣ ಹೇಳಿದ ಮೇಲೆ ಅವನು ಎದ್ದೇ ಏಳುತ್ತಿದ್ದ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಲು ಉಸಿರೆಳೆದುಕೊಂಡ.

ಮಡುವಿನ ಎರಡೂ ಕಡೆ ದಡ ಗೋಡೆಯಂತೆ ನಿಂತಿದ್ದು ಓಬಮ್ಮನಿಗೆ ಗೊತ್ತಿತ್ತು. ಅಲ್ಲಿಂದ ಹತ್ತಲು ದಾರಿಯೇ ಇಲ್ಲ. ಇತ್ತ ಸೋಗೆ ಗುಡಿಸಲುಗಳೊಳಗೆ ಹನ್ನೆರಡೋ ಹದಿಮೂರೋ ಮಕ್ಕಳು ಬಿಸಿಲಿಗೆ ಬೆವೆತು ಮಲಗಿದ್ದವು. ಇವರಿಗೆ ಹೇಳಿ ಪ್ರಯೋಜನವಿಲ್ಲ. ಇವರು ಸಾವಿಗೆ ಹೆದರುವವರಲ್ಲ, ಅದು ಕಣ್ಣಿಗೆ ಕಾಣುವ ತನಕ. ಇವರು ಹೆದರುವುದು ಒಂದಕ್ಕೇ, ಮೈಲಿಗೆಗೆ. ಆ ಹೆದರಿಕೆ ಇವರ ಮುಖದ ಮೇಲೆ ಈಗ ಎಣ್ಣೆಯ ಹಾಗೆ ಬಳಿದುಕೊಂಡು ನಿಂತಿದೆ.

ಅವಳು ನಾಲ್ಕು ಹೆಜ್ಜೆ ನಡೆದು ಅಮ್ಮನ ಗುಡಿಸಲಿನ ಒಳಗೆ ಬಗ್ಗಿದಳು. ಬೆತ್ತದ ಪೆಟ್ಟಿಗೆಯ ಮೇಲೆ ಬಲಗೈಯನ್ನು ಪೂರ್ತಿ ಊರಿದಳು.

"ಅವಳಲ್ಲ. ನಾನು" ಎಂದಳು. "ಬೆಳಿಗ್ಗೆಯಿಂದ ನಾನೂ ಹೊರಗಾಗಿದೀನಿ. ಎಡೆ ಕೆಲ್ಸ ನಿಂತೋಯ್ತದೆ ಅಂತ ಹೇಳ್ಲಿಲ್ಲ. ಅಮ್ಮನಿಗೆ ನೀರು ತಂದಿದ್ದೂ ನಾನೇ, ಮಸಾಲೆ ರುಬ್ಬಿದ್ದೂ ನಾನೇ. ಇಲ್ಲಿ ಎಲ್ಲಾ ಮುಟ್ಟಿದೀನಿ."

ಭೂತಮ್ಮ ಕಿಟ್ಟನೆ ಕಿರುಚಿದಳು. "ಅಯ್ಯೋ ಪಾಪಿಷ್ಠೆ! ಕೈ ತೆಗಿಯೇ! ಕೈ ತೆಗಿ!"

ಅಲ್ಲಿಂದ ಮುಂದೆ ಎಲ್ಲ ತಾನಾಗಿಯೇ ನಡೆಯಿತು. ಸಣ್ಣತಿಮ್ಮಯ್ಯ "ಎತ್ರೋ! ಎತ್ರೋ!" ಎಂದು ಅರಚುತ್ತ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ದಡದ ಕಡೆ ಓಡಿದ. ಅಮ್ಮ ಹೋದ ಮೇಲೆ ಮರಳಿನ ಮೇಲೆ ಯಾರೂ ನಿಲ್ಲುವಂತಿಲ್ಲ. ಹೆಂಗಸರು ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು, ಚಾಪೆ ಕೊಡಪಾನ ಬಾಚಿಕೊಂಡು ಹತ್ತಿದರು. ಗಾಡಿಗಳ ಹತ್ತಿರ ಕಟ್ಟಿದ್ದ ಎತ್ತುಗಳನ್ನು ಬಿಚ್ಚಿದರು. ಓಬಮ್ಮನ ಪಕ್ಕ ಹಾಯುವಾಗ ಪ್ರತಿಯೊಬ್ಬರೂ ಸೀರೆ ಪಂಚೆ ಎಳೆದುಕೊಂಡು ದೂರ ಸರಿದರು. ಒಬ್ಬಳು ಉಗಿದಳು. ಉಗುಳು ಓಬಮ್ಮನ ಪಾದದ ಪಕ್ಕ ಬಿತ್ತು.

"ಸಾರು?" ಎಂದು ಯಾರೋ ಕೇಳಿದ್ದು ಅವಳಿಗೆ ಕೇಳಿಸಿತು. "ಮೂರು ಕುರಿ ಕಣ್ಲಾ."

"ಬೆಂಕಿ ಕಂಡಿದ್ದಕ್ಕೆ ಮೈಲಿಗೆ ಇಲ್ಲ ಕಣ್ಲಾ, ಹೊತ್ಕೊ" ಎಂದ ಹುಚ್ಚರಂಗಯ್ಯ.

ಇಬ್ಬಿಬ್ಬರು ಗಂಡಸರು ಬಿದಿರು ಕೋಲು ತೂರಿಸಿ ಡಬರಿಗಳನ್ನು ಹೊತ್ತರು. ಮಕ್ಕಳನ್ನು ಹೊತ್ತ ಹೆಂಗಸರಿಗೆ ದಾರಿ ಬಿಡದೆ, ಸಾರು ತುಳುಕದಂತೆ ಜೋಪಾನವಾಗಿ ಹತ್ತಿದರು.

ಓಬಮ್ಮ ಕೆಳಕ್ಕೆ ಓಡಿದಳು. ನೀರು ಈಗ ತೊಡೆಯ ಮಟ್ಟ ಬಂದಿತ್ತು. ಮೈಗೆ ಅಂಟುವ ನೀರು, ಲೋಳೆ ಲೋಳೆ. ಮಟ್ಟೆಗಳು ಹೊಟ್ಟೆಗೆ ಬಡಿಯುತ್ತಿದ್ದವು. ವಿಮಲ ಎದ್ದು ನಿಂತಿದ್ದಳು.

"ಅತ್ತೆಮ್ಮ ಬರ್ಬೇಡಿ, ನನ್ನ ಮುಟ್ಬಾರ್ದು..."

"ಮಗೀನ ಕೊಡೇ ಇಲ್ಲಿ!"

ಮಗುವನ್ನು ಹೆಗಲ ಮೇಲೆ ಕೂರಿಸಿ, ಇನ್ನೊಂದು ಕೈಯಲ್ಲಿ ಸೊಸೆಯ ಮುಂಗೈ ಬಿಗಿಯಾಗಿ ಹಿಡಿದು ಓಬಮ್ಮ ಅಡ್ಡಲಾಗಿ ದಾಟಿದಳು. ನಡುವೆ ಒಮ್ಮೆ ಕಾಲ ಕೆಳಗಿನ ಮರಳು ಜಾರಿ ಇಬ್ಬರೂ ಎದೆಯ ತನಕ ಕುಸಿದರು. ಬಾಯಿಗೆ ನೀರು ಬಂತು. ಅವಳು ಅದನ್ನು ಉಗಿದು, ವಾಂತಿ ಒತ್ತರಿಸಿ ಬಂದದ್ದನ್ನು ನುಂಗಿ, ಮುಂದಿನ ಹೆಜ್ಜೆ ಇಟ್ಟಳು. ದಡದ ಬೇರು ಕೈಗೆ ಸಿಕ್ಕಾಗ ಮೇಲಿನಿಂದ ಯಾರೂ ಕೈ ಚಾಚಲಿಲ್ಲ. ಮುಟ್ಟಾದವರಿಬ್ಬರು. ಬೇರನ್ನೇ ಹಿಡಿದು ಹತ್ತಿದರು.

ಅವರು ಹತ್ತಿ ಮಗುವಿನ ಮುಖ ಒರೆಸುತ್ತಿದ್ದಾಗ ಮೇಲುಗಡೆಯಿಂದ ಸದ್ದು ಬಂತು, ನೂರು ಗಾಡಿಗಳು ಕಲ್ಲುದಾರಿಯಲ್ಲಿ ಒಟ್ಟಿಗೆ ಬಂದ ಹಾಗೆ. ತಿರುವಿನಲ್ಲಿ ಕೆಂಪಗೆ, ಆಳೆತ್ತರದ ನೀರು ಕಾಣಿಸಿತು. ಅದು ಓಡಿ ಬಂದಂತೆ ಕಾಣಲಿಲ್ಲ, ನಡೆದು ಬಂದಂತೆಯೇ ಇತ್ತು. ಒಲೆಯ ಕಲ್ಲು, ಸೋಗೆ ಗುಡಿಸಲು, ಎಂಜಲೆಲೆ, ಕುರಿಯ ಚರ್ಮ, ಇಸ್ಪೀಟು ಎಲ್ಲವನ್ನೂ ಒಂದೇ ಸಲಕ್ಕೆ ಬಾಚಿಕೊಂಡು ಹೋಯಿತು. ನಾಲ್ಕು ಸೋಗೆ ನೆಟ್ಟ ತಗ್ಗು ಎಲ್ಲಿತ್ತೆಂದು ಗುರುತೇ ಸಿಗಲಿಲ್ಲ. ಎರಡು ಕರಿಬಂಡೆಗಳ ನೆತ್ತಿಯಷ್ಟೇ ಕಾಣುತ್ತಿತ್ತು, ಆಮೇಲೆ ಅದೂ ಹೋಯಿತು.

ತೆಂಗಿನ ತೋಟದಲ್ಲಿ ಎಪ್ಪತ್ತು ಜನ ಹೊಳೆಯನ್ನೇ ನೋಡುತ್ತ ನಿಂತಿದ್ದರು. ಒಂದು ಮಗು "ಅವ್ವ, ನನ್ ಚಡ್ಡಿ ಹೋಯ್ತು" ಎಂದು ಅಳುತ್ತಿತ್ತು.

ಯಾರಾದರೂ ಒಬ್ಬರು ತನ್ನ ಕಡೆ ತಿರುಗಿ ನೋಡುತ್ತಾರೆ ಎಂದು ಓಬಮ್ಮ ಕಾದಳು. ನೋಡಿದರು. ಆದರೆ ಮುಖಗಳ ಮೇಲೆ ಇದ್ದದ್ದು ಬೇರೆ.

"ಕಂಡ್ರಾ?" ಎಂದ ಸಣ್ಣತಿಮ್ಮಯ್ಯ, ನಡುಗುವ ದನಿ ಗಟ್ಟಿಯಾದ ಮೇಲೆ. "ಮುಟ್ಟಿನ ಕೈ ಅಮ್ಮನ ಮೇಲೆ ಬಿತ್ತು, ಹೊಳೆ ಎದ್ದು ಬಂತು. ಅಮ್ಮ ನಮ್ಮನ್ನ ಎತ್ಕೊಂಡು ಬಂದ್ಲು, ಇಲ್ದೆ ಇದ್ರೆ ಈ ಹೆಂಗ್ಸಿನ ದೆಸೆಯಿಂದ ಎಲ್ರೂ ಹೋಗ್ತಿದ್ವಿ."

"ಔದೌದು" ಎಂದರು ಸುತ್ತಲಿನವರು. ಕೆಲವರು ಪೆಟ್ಟಿಗೆಗೆ ಅಡ್ಡಬಿದ್ದರು. ಇಷ್ಟು ಹೊತ್ತು ಬಿಳಿಚಿಕೊಂಡಿದ್ದ ಮುಖಗಳಿಗೆ ಮತ್ತೆ ರಕ್ತ ಬಂತು. ಕಾರಣ ಸಿಕ್ಕಿತಲ್ಲ. ಸ್ವಲ್ಪ ಹೊತ್ತಿಗೆಲ್ಲ ಯಾರೋ ಡಬರಿಯ ಮುಚ್ಚಳ ತೆಗೆದರು. ಬೇರೆ ಎಲೆ ಬಂತು. ಗಂಡಸರು ಸಾಲಾಗಿ ಕೂತರು. ಓಬಮ್ಮ ರುಬ್ಬಿದ ಮಸಾಲೆಯ ಸಾರಿಗೆ ಮುದ್ದೆ ಮುರಿದು ಅದ್ದಿ ನುಂಗಿದರು. ಹುಚ್ಚರಂಗಯ್ಯ ಮೂಳೆಯೊಂದನ್ನು ಸದ್ದು ಮಾಡುತ್ತ ಹೀರಿ, "ಖಾರ ಒಂದ್ಚೂರು ಮುಂದದೆ" ಎಂದ. ಅವನ ಗದ್ದದಿಂದ ಎಣ್ಣೆ ಇಳಿಯುತ್ತಿತ್ತು. ಓಬಮ್ಮ ನೋಡಲಾರದೆ ಮುಖ ತಿರುಗಿಸಿದಳು.

ಊಟ ಮುಗಿದ ಮೇಲೆ ಪಂಚಾಯ್ತಿ. ಹೊತ್ತು ಇಳಿಯುತ್ತಿತ್ತು. ಹೊಳೆಯ ಮಟ್ಟವೂ ಇಳಿಯಲು ಶುರುವಾಗಿತ್ತು. ಸಣ್ಣತಿಮ್ಮಯ್ಯ ಎತ್ತಿನ ಗಾಡಿಯ ಹತ್ತಿರ ಹಿಡಿದ ಗಂಜಲವನ್ನು ತೆಂಗಿನ ಕರಟದ ತುಂಬ ತಂದು ಓಬಮ್ಮನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದ.

"ಕುಡ್ದು, ತಲೆಗೆ ನೀರು ಹುಯ್ಕೊಂಡು ಅಮ್ಮನಿಗೆ ಅಡ್ಡಬೀಳು. ಬೆಳಿಗ್ಗೆ ನೀನೂ ನಿನ್ ಸೊಸೇನೂ ಊರಿಗೆ ಹೋಗ್ಬುಡಿ. ಹೊಳೆ ಅಷ್ಟೊತ್ತಿಗೆ ಇಳೀತದೆ. ಮೈಲಿಗೆ ಕಳೀತು ಅಂದ್ರೆ ನಾವು ಮತ್ತೆ ಅದೇ ಜಾಗದಲ್ಲಿ ಅಮ್ಮನ್ನ ಕೂರ್ಸಿ ಎಡೆ ಮುಗಿಸ್ತೀವಿ."

"ಅದೇ ಜಾಗದಲ್ಲಾ?"

"ಇನ್ನೆಲ್ಲಿ? ಮೈಲಿಗೆ ಹೋದ್ಮೇಲೆ ಇನ್ನೇನು ಭಯ?"

ಓಬಮ್ಮ ಸುತ್ತ ನೋಡಿದಳು. ಹೆಂಗಸರು ತೊಡೆಯ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ತಲೆಯಾಡಿಸುತ್ತಿದ್ದರು. ಬಡಗಣ ದಿಕ್ಕಿನಲ್ಲಿ ಆ ಕಪ್ಪು ಪಟ್ಟಿ ಇನ್ನೂ ಹಾಗೆಯೇ ಇತ್ತು, ಅದರೊಳಗೆ ಮಿಂಚು ಸದ್ದಿಲ್ಲದೆ ಆಡುತ್ತಿತ್ತು. ನಾಳೆ ಬೆಳಿಗ್ಗೆ ಈ ಹನ್ನೆರಡು ಹದಿಮೂರು ಮಕ್ಕಳನ್ನು ಮತ್ತೆ ಅದೇ ಒದ್ದೆ ಮರಳಿಗೆ ಇಳಿಸುತ್ತಾರೆ. ಆಗ ವಾಸನೆಯೂ ಬರುವುದಿಲ್ಲ, ಗುಂಡಿಗಳೆಲ್ಲ ಆಗಲೇ ತೊಳೆದು ಹೋಗಿವೆ. ಹೇಳಲು ಅವಳೂ ಅಲ್ಲಿರುವುದಿಲ್ಲ. ಅವಳ ಸುಳ್ಳು ಒಂದು ಮಧ್ಯಾಹ್ನಕ್ಕೆ ಸಾಕಾಗಿತ್ತು. ನಾಳೆಗೆ ಅದೇ ಸುಳ್ಳು ಇವರ ಧೈರ್ಯವಾಗಿ ಕೂತಿದೆ.

ಕೊಟ್ಟಿಗೆಯ ಪಕ್ಕದ ಜಗುಲಿ ಕಣ್ಣ ಮುಂದೆ ಬಂತು. ಬೇಲಿ, ದನ, ಬೇರೆಯವರು ಬಡಿಸಿದ ತಟ್ಟೆ.

ಅವಳು ಕರಟವನ್ನು ಎತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ಪಕ್ಕದ ತೆಂಗಿನ ಬುಡಕ್ಕೆ ಅದನ್ನು ಬಗ್ಗಿಸಿದಳು.

"ಮರಕ್ಕೆ ಒಳ್ಳೇದು" ಎಂದಳು. "ನಾನು ಹೊರಗಾಗಿಲ್ಲ. ನಂಗೆ ನಿಂತು ವರ್ಷದ ಮೇಲಾಯ್ತು. ಅಮ್ಮನಿಗೆ ಯಾವ ಮೈಲಿಗೇನೂ ಆಗಿಲ್ಲ. ಮಡಿಯಾಗಿ ಕೂತಿದ್ದ ಅಮ್ಮನ ಮೇಲೇ ಹೊಳೆ ಬಂತು. ಮೇಲೆ ಮಳೆ ಹುಯ್ತು, ನೀರು ಬಂತು, ಅಷ್ಟೇಯ. ಏಳ್ರಪ್ಪ ಅಂದ್ರೆ ನೀವು ಏಳ್ಲಿಲ್ಲ, ಅದ್ಕೆ ಸುಳ್ಳು ಹೇಳ್ದೆ. ನಾಳೆ ಹುಯ್ದ್ರೆ ನಾಳೇನೂ ಬತ್ತದೆ."

"ಸುಳ್ಳಾ?" ಸಣ್ಣತಿಮ್ಮಯ್ಯನ ಬಾಯಿ ತೆರೆದೇ ಇತ್ತು. "ಅಮ್ಮನ ಮುಂದೆ ನಿಂತು ಸುಳ್ಳು ಹೇಳ್ದಾ? ಈಗ ಹೇಳ್ತಿರೋದು ಸುಳ್ಳೋ, ಆಗ ಹೇಳಿದ್ದೋ?"

"ಇಲ್ಲ, ಈಗಿಂದೇ ನಿಜ" ಎಂದು ಹಿಂದಿನಿಂದ ವಿಮಲ ಹೇಳಿದಳು. ಅವಳ ದನಿ ಸಣ್ಣಗಿದ್ದರೂ ಎಲ್ಲರಿಗೂ ಕೇಳಿಸಿತು. "ಬಟ್ಟೆ ಒಗೆಯೋಳು ನಾನು. ನಂಗೊತ್ತು."

ಓಬಮ್ಮ ತಿರುಗಿ ಸೊಸೆಯನ್ನು ನೋಡಿದಳು. ಹಾಗಾದರೆ ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಿಂಗಳು ತಿಂಗಳು ಜಗುಲಿಗೆ ತಟ್ಟೆ ತಂದು ಇಟ್ಟಿದ್ದಳು.

ಗದ್ದಲವೆದ್ದಿತು. ಗಂಡಸರು ಒಬ್ಬರ ಮೇಲೊಬ್ಬರು ಮಾತಾಡಿದರು. ಹೊಳೆ ಯಾಕೆ ಬಂತು ಎಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಚರ್ಚಿಸಿದರು. ಆದರೆ ಆ ಗದ್ದಲದ ನಡುವೆ, ಭೂತಮ್ಮ ನಿದ್ದೆಹೋಗಿದ್ದ ತನ್ನ ಮೊಮ್ಮಗನನ್ನು ಎತ್ತಿ ಎದೆಗೊತ್ತಿಕೊಂಡದ್ದನ್ನು ಓಬಮ್ಮ ಕಂಡಳು.

"ನೀವು ಎಡೆನಾದ್ರೂ ಮಾಡ್ಕಳಿ, ಕಂಬ್ಳಿನಾದ್ರೂ ಹೊದ್ಕಳಿ" ಎಂದಳು ಭೂತಮ್ಮ ಗಂಡನಿಗೆ. "ಮಕ್ಳುನ್ನ ನಾವು ಕೆಳಕ್ಕೆ ಇಳ್ಸಾಕಿಲ್ಲ." ಓಬಮ್ಮನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಮೂಗು ಸೊಟ್ಟಗೆ ಮಾಡಿಕೊಂಡೇ ಇದ್ದಳು. ಒದ್ದೆ ಸೀರೆಯಲ್ಲಿ ಓಬಮ್ಮ ಮೂವತ್ತು ವರ್ಷದ ಹಿಂದಿನಂತೆಯೇ ನಾರುತ್ತಿದ್ದಳು. ಬೇರೆ ಹೆಂಗಸರು ಒಬ್ಬೊಬ್ಬರಾಗಿ ಚಾಪೆಗಳನ್ನು ತೋಟದ ಒಳಕ್ಕೆ, ದಡದಿಂದ ಇನ್ನೂ ದೂರಕ್ಕೆ ಎಳೆದರು.

ಶ್ರೀರಂಗಯ್ಯ ಮೆಲ್ಲಗೆ ಅವಳ ಹತ್ತಿರ ಬಂದ. ಎರಡು ಮಾರು ದೂರದಲ್ಲಿ ನಿಂತ, ಇನ್ನೂ ಅಭ್ಯಾಸ ಬಲದಿಂದ.

"ಲೇ" ಎಂದ, ಯಾರಿಗೂ ಕೇಳಿಸದಂತೆ. ಮುಖದ ತುಂಬ ಹೇಸಿಗೆ, ಅನ್ನದಲ್ಲಿ ಕೂದಲು ಸಿಕ್ಕವನ ಹಾಗೆ. "ವರ್ಷದಿಂದ ನಿಂತೋಗದೆ ಅಂತೀಯ. ಹಂಗಾದ್ರೆ ತಿಂಗ್ಳು ತಿಂಗ್ಳು ಮೂರು ಮೂರು ದಿನ ಆ ಜಗ್ಲಿ ಮೇಲೆ ಏನ್ ಮಾಡ್ತಿದ್ದೆ?"

ಓಬಮ್ಮ ಸೀರೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ನಾರೊಂದನ್ನು ಬಿಡಿಸುತ್ತಿದ್ದಳು. ಅದನ್ನು ಪೂರ್ತಿ ಬಿಡಿಸಿ ಎಸೆದ ಮೇಲೆ ತಲೆಯೆತ್ತಿದಳು.

"ಕೂತಿದ್ದೆ" ಎಂದಳು.